ಪ್ರಾಚೀನ ಕ್ರೈಸ್ತಾರಾಧನೆಯಲ್ಲಿ ಸ್ತೋತ್ರಪ್ರಾರ್ಥನೆಯ ಬೆಳವಣಿಗೆ

೧

ರೊಟ್ಟಿಯನ್ನೂ ದ್ರಾಕ್ಷಾರಸದ ಪಾತ್ರೆಯನ್ನೂ ಮುಂದಿಟ್ಟುಕೊಂಡು ದೇವರಿಗೆ ಕೃತಜ್ಞತೆಯನ್ನರ್ಪಿಸಿ, ಬಳಿಕ ಅವನ್ನು ನೆರೆದವರೆಲ್ಲರೂ ಹಂಚಿಕೊಂಡು ಸೇವಿಸುವುದು ಕ್ರೈಸ್ತಾರಾಧನೆಯ ಕೇಂದ್ರಕರ್ಮವೆಂಬುದು ಸರ್ವವಿದಿತವಾಗಿದೆ. ನಮ್ಮ ನಾಡಿನ ಕ್ರೈಸ್ತರಲ್ಲಿ ಕೆಲವರು ಇದನ್ನು ಕರ್ತನ ರಾತ್ರಿಭೋಜನವೆಂದೂ ಕೆಲವರು ಬಲಿಪೂಜೆಯೆಂದೂ ಕರೆಯುವರು. ಗ್ರೀಕ್ ಭಾಷೆಯಲ್ಲಿ ಇದಕ್ಕಿರುವ ಪುರಾತನವಾದ ಹೆಸರುಗಳಲ್ಲೊಂದು ‘ಯೂಖರಿಸ್ತಿಯ’, ಎಂದರೆ ಕೃತಜ್ಞತಾಸಮರ್ಪಣೆ. ಕರ್ಮಕ್ಕೆ ಪ್ರಾರ್ಥನೆಯ ಹೆಸರೇ ಬಂದಿರುವುದನ್ನು ನೋಡಿದರೆ, ಆ ಪ್ರಾರ್ಥನೆಯೇ ಆ ಕರ್ಮದ ಜೀವವೆಂದು ಮೊದಲಿನವರು ಭಾವಿಸಿದ್ದರೆಂದು ಹೇಳಬಹುದು. ಕನ್ನಡ ಸತ್ಯವೇದದಲ್ಲಿ ಈ ಕ್ರಿಯೆಗೆ ‘ಸ್ತೋತ್ರಮಾಡು’ ಎಂಬ ಮಾತು ಬಳಕೆಯಾಗಿರುವುದರಿಂದ, ಈ ಲೇಖನದಲ್ಲಿ ನಾವು ಅದನ್ನು ಸ್ತೋತ್ರಪ್ರಾರ್ಥನೆಯೆಂದು ಕರೆಯುವೆವು.

ಈ ಪ್ರಾರ್ಥನೆ ಬೇರೆ ಬೇರೆ ಸಭೆಗಳಲ್ಲಿ ಬೇರೆ ಬೇರೆ ಪಾಠಗಳಾಗಿ ನಡೆದುಬಂದಿದೆ. ರೋಮಿನ ಪಾಠ ಒಂದು, ಕಾನ್‌ಸ್ಟಾಂಟಿನೋಪಲಿನದು ಒಂದು, ಈಜಿಪ್ಟಿನದು ಮತ್ತೊಂದು, ಪೂರ್ವ ಸಿರಿಯದ್ದು ಇನ್ನೊಂದು. ಹಳೆಯ ಕಾವ್ಯವೊಂದರ ಹಲವು ಓಲೆಪ್ರತಿಗಳು ದೊರೆತಾಗ, ಪಾಠಾಂತರಗಳನ್ನು ತೂಗಿನೋಡಿ, ಅವೆಲ್ಲಕ್ಕೂ ತಾಯಿಯಾದ ಒಂದು ಮೂಲಪ್ರತಿಯನ್ನು ಊಹಿಸುವುದು ಗ್ರಂಥಸಂಪಾದಕರ ವಾಡಿಕೆಯಷ್ಟೆ. ಅದೇ ನ್ಯಾಯವನ್ನು ಇಲ್ಲಿಯೂ ಅನ್ವಯಿಸಿ, ಈ ಪಾಠಗಳೆಲ್ಲವೂ ಅಪೊಸ್ತಲರು ಕಲಿಸಿಕೊಟ್ಟ ಒಂದೇ ಪ್ರಾರ್ಥನೆಯಿಂದ ಕವಲೊಡೆದವೆಂದು ಹತ್ತೊಂಬತ್ತನೆಯ ಶತಮಾನದ ಹಲವು ಪಂಡಿತರು ನಂಬಿದ್ದರು. ದೊರೆತಿರುವ ಸಾಕ್ಷ್ಯವನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸಿದರೆ ಈ ನಂಬಿಕೆ ನಿಲ್ಲುವುದಿಲ್ಲವೆಂದೂ, ಇಲ್ಲಿ ಮೊದಲಿದ್ದುದು ವೈವಿಧ್ಯ, ಏಕರೂಪತೆ ಅನಂತರ ಬಂದುದೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಇದು ಪಂಡಿತರ ಒಣ ಚರ್ಚೆಯಲ್ಲ. ಸರಿಯಾದ ಪಾಠ ಒಂದೇ ಇರಬೇಕೆಂಬ ನಂಬಿಕೆಯಿಂದ ಮಲಬಾರಿನ ಒಂದು ಜನಸಮುದಾಯದ ಪ್ರಾರ್ಥನೆ ಅನ್ಯರ ಕೈಯ ತಿದ್ದುಪಡಿಗೆ ಒಳಗಾದ ವೃತ್ತಾಂತವನ್ನು ಕೊನೆಯಲ್ಲಿ ಹೇಳಬೇಕಾಗಿದೆ.

೨

ಈ ಭೋಜನವನ್ನು ಕುರಿತ ಅತ್ಯಂತ ಪುರಾತನವಾದ ಲಿಖಿತ ಸಾಕ್ಷ್ಯವೆಂದರೆ ಪೌಲನು ಸುಮಾರು ಕ್ರಿ. ಶ. ೫೪ರಲ್ಲಿ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ. ಯೇಸು ತಾನು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿ ರೊಟ್ಟಿಯನ್ನು ತೆಗೆದುಕೊಂಡು ಸ್ತೋತ್ರಮಾಡಿ ಮುರಿದು, ಅದನ್ನು ತನ್ನ ದೇಹವೆಂದು ಹೇಳಿ ಶಿಷ್ಯರಿಗೆ ಕೊಟ್ಟುದನ್ನೂ, ಊಟವಾದ ಮೇಲೆ ಪಾತ್ರೆಯನ್ನು ಕುರಿತು ಅಂತೆಯೇ ಹೇಳಿದುದನ್ನೂ ಪೌಲನು ಅಲ್ಲಿ ನಿರೂಪಿಸಿರುವನು. ಈ ಮಾತುಗಳನ್ನು ಮುಂದಿನವರು ಸ್ಥಾಪನಾವಾಕ್ಯಗಳೆಂದು ಕರೆದರು. ಆದರೆ ಯೇಸು ಸ್ತೋತ್ರಮಾಡಿದನೆಂದು ಪೌಲನು ಹೇಳುವನೇ ಹೊರತು, ಆ ಸ್ತೋತ್ರದ ಮಾತುಗಳು ಯಾವುವೆಂದು ಹೇಳುವುದಿಲ್ಲ, ಸುವಾರ್ತೆಗಳೂ ಹೇಳುವುದಿಲ್ಲ. ಅಲ್ಲದೆ ಪೌಲನು ಆ ವೃತ್ತಾಂತವನ್ನು ಸ್ಮರಿಸಿರುವುದು ಪ್ರಾರ್ಥನೆಯೊಂದನ್ನು ಕಲಿಸುವುದಕ್ಕಾಗಿ ಅಲ್ಲ. ಉಳ್ಳವರು ಮುಂಚಿತವಾಗಿಯೇ ಉಂಡು, ಇಲ್ಲದವರು ಹಸಿದಿರುತ್ತಿದ್ದ ಕೊರಿಂಥದವರ ನಡತೆಯನ್ನು ಖಂಡಿಸುವುದಕ್ಕಾಗಿ.

ಹಾಗಾದರೆ ಮೊದಲಿನವರು ಏನೆಂದು ಪ್ರಾರ್ಥಿಸುತ್ತಿದ್ದರು? ಈ ಪ್ರಶ್ನೆಗೆ ಒಂದು ಅನಿರೀಕ್ಷಿತವಾದ ಉತ್ತರ ೧೮೭೩ರಲ್ಲಿ ದೊರೆಯಿತು. ಕಾನ್‌ಸ್ಟಾಂಟಿನೋಪಲಿನ ಮಠವೊಂದರ ಪುಸ್ತಕಭಂಡಾರದಲ್ಲಿ ಫಿಲೊಥೆಯೊಸ್ ಬ್ರುಯೆನ್ನಿಯೊಸ್ ಎಂಬ ಗ್ರೀಕ್ ವಿದ್ವಾಂಸನು ೧೦೫೬ರಲ್ಲಿ ಬರೆದು ಮುಗಿಸಿದ ಒಂದು ಹಸ್ತಪ್ರತಿಯನ್ನು ಕಂಡನು. ಅದರೊಳಗೆ, ಹೆಸರು ಮಾತ್ರ ಉಳಿದು ಪಾಠ ನಷ್ಟವಾಗಿದ್ದ ‘ದಿದಖೆ’, ಎಂದರೆ ‘ಉಪದೇಶ’ವೆಂಬ ಚಿಕ್ಕ ಗ್ರಂಥವಿದ್ದಿತು. ೧೮೮೩ರಲ್ಲಿ ಅದು ಅಚ್ಚಾಗಿ ಹೊರಬಂದಿತು. ಅದರ ರಚನಾಕಾಲವನ್ನು ವಿದ್ವಾಂಸರಲ್ಲಿ ಬಹುಮಂದಿ ಒಂದನೆಯ ಶತಮಾನದ ಕೊನೆಯ ಭಾಗವೆಂದೋ ಎರಡನೆಯ ಶತಮಾನದ ಆದಿಯೆಂದೋ ನಿರ್ಣಯಿಸಿರುವರು.

ಈ ಗ್ರಂಥದ ಒಂಬತ್ತು ಮತ್ತು ಹತ್ತನೆಯ ಅಧ್ಯಾಯಗಳಲ್ಲಿ ಸ್ತೋತ್ರಪ್ರಾರ್ಥನೆಗಳಿವೆ. ಅವುಗಳಲ್ಲಿ ಮೂರು ಸಂಗತಿಗಳು ಗಮನಾರ್ಹವಾಗಿವೆ. ಮೊದಲನೆಯದಾಗಿ, ಇಲ್ಲಿ ಪಾತ್ರೆಯ ಸ್ತೋತ್ರ ಮುಂದು, ರೊಟ್ಟಿಯ ಸ್ತೋತ್ರ ಹಿಂದು. ಇದು ಲಿಪಿಕಾರನ ಪ್ರಮಾದವಲ್ಲವೆಂಬುದಕ್ಕೆ ಲೂಕನ ಸುವಾರ್ತೆಯಲ್ಲಿ ರೊಟ್ಟಿಗೆ ಮೊದಲೇ ಒಂದು ಪಾತ್ರೆಯ ಪ್ರಸ್ತಾಪವಿರುವುದೂ, ಪೌಲನೇ ತನ್ನ ಪತ್ರಿಕೆಯ ಹತ್ತನೆಯ ಅಧ್ಯಾಯದಲ್ಲಿ ಪಾತ್ರೆಯನ್ನು ಮೊದಲು ಹೆಸರಿಸಿರುವುದೂ ಬೆಂಬಲವಾಗಿವೆ. ಎರಡನೆಯದಾಗಿ, ಸ್ಥಾಪನಾವಾಕ್ಯಗಳ ಸುಳಿವೇ ಇಲ್ಲಿಲ್ಲ. ಯೇಸುವಿನ ಮರಣದ ಪ್ರಸ್ತಾಪವೂ ಇಲ್ಲ. ಬೆಟ್ಟಗಳ ಮೇಲೆ ಚೆದರಿದ್ದ ಕಾಳು ಕೂಡಿ ಒಂದು ರೊಟ್ಟಿಯಾದಂತೆ ಭೂಮಿಯ ಕಡೆಗಳಿಂದ ಸಭೆ ದೇವರ ರಾಜ್ಯದಲ್ಲಿ ಒಂದುಗೂಡಲಿ ಎಂಬುದೇ ಇಲ್ಲಿಯ ಮುಖ್ಯ ಬೇಡಿಕೆ. ಮೂರನೆಯದಾಗಿ, ಈ ಪಾಠವನ್ನು ಕೊಟ್ಟ ಬಳಿಕ ಗ್ರಂಥಕಾರನು, ಪ್ರವಾದಿಗಳು ಮಾತ್ರ ತಮಗೆ ಇಷ್ಟಬಂದಷ್ಟು ಸ್ತೋತ್ರಮಾಡಬಹುದೆಂದು ಅನುಮತಿಯನ್ನಿತ್ತಿರುವನು. ಎಂದರೆ, ದೊರೆತಿರುವ ಪಾಠಗಳಲ್ಲಿ ಅತ್ಯಂತ ಹಳೆಯದಾದ ಇದೇ ತಾನು ಏಕೈಕ ಪಾಠವಲ್ಲವೆಂದು ಒಪ್ಪಿಕೊಳ್ಳುತ್ತದೆ.

೩

ದಿದಖೆಯ ಪ್ರಾರ್ಥನೆಗಳು ಶೂನ್ಯದಿಂದ ಹುಟ್ಟಿದವಲ್ಲ. ಯೆಹೂದ್ಯರು ಊಟವಾದ ಮೇಲೆ ಹೇಳುವ ಆಶೀರ್ವಚನಗಳಿಗೆ ‘ಬಿರ್ಕತ್ ಹಮಾಝೋನ್’ ಎಂದು ಹೆಸರು. ಅದರಲ್ಲಿ ಅನ್ನವಿತ್ತುದಕ್ಕಾಗಿ ದೇವರ ಸ್ತುತಿ, ಭೂಮಿಯನ್ನು ಕೊಟ್ಟುದಕ್ಕಾಗಿ ಕೃತಜ್ಞತೆ, ಯೆರೂಸಲೇಮಿಗಾಗಿ ಬೇಡಿಕೆ ಎಂಬ ಮೂರು ಅಂಗಗಳು ಮುಖ್ಯವಾದುವು. ದಿದಖೆಯ ಹತ್ತನೆಯ ಅಧ್ಯಾಯದಲ್ಲಿಯೂ ಮೂರು ಅಂಗಗಳುಂಟು: ದೇವರ ಪವಿತ್ರನಾಮ ಮತ್ತು ಜ್ಞಾನಗಳಿಗಾಗಿ ಕೃತಜ್ಞತೆ, ಅನ್ನಪಾನಗಳಿಗಾಗಿ ಕೃತಜ್ಞತೆ, ಸಭೆಗಾಗಿ ಬೇಡಿಕೆ. ಯೆರೂಸಲೇಮಿದ್ದ ಸ್ಥಾನಕ್ಕೆ ಸಭೆ ಬಂದಿರುವುದು ಸ್ಪಷ್ಟವಾಗಿದೆ. ಲೂಯಿ ಫಿಂಕೆಲ್‌ಸ್ಟೈನನು ೧೯೨೯ರಲ್ಲಿ ಈ ಎರಡನ್ನೂ ಸಾಲುಸಾಲಾಗಿ ಹೋಲಿಸಿ, ಯೆಹೂದ್ಯ ಪ್ರಾರ್ಥನೆಯ ಆದಿಪಾಠವನ್ನು ಪುನಾರಚಿಸಲು ಯತ್ನಿಸಿದನು.

ಆದರೆ ಇಲ್ಲಿ ಎಚ್ಚರಿಕೆ ಬೇಕು. ಈ ಯೆಹೂದ್ಯ ಪ್ರಾರ್ಥನೆಯ ಸಂಪೂರ್ಣ ಪಾಠ ನಮಗೆ ದೊರೆಯುವುದು ಒಂಬತ್ತು ಹತ್ತನೆಯ ಶತಮಾನಗಳ ಪ್ರಾರ್ಥನಾಗ್ರಂಥಗಳಲ್ಲಿ. ಒಂದನೆಯ ಶತಮಾನದಲ್ಲಿ ಅದು ಅಕ್ಷರಶಃ ಹಾಗೆಯೇ ಇದ್ದಿತೆಂದು ಹೇಳಲು ಆಧಾರವಿಲ್ಲ. ಸುಮಾರು ಕ್ರಿ. ಶ. ೨೦೦ರಲ್ಲಿ ಸಂಕಲಿತವಾದ ಮಿಷ್ನಾ ಗ್ರಂಥದಲ್ಲಿ, ಪ್ರಾರ್ಥನೆಯನ್ನು ಕಟ್ಟುಪಾಡಿನ ಕೆಲಸವನ್ನಾಗಿ ಮಾಡಿಕೊಂಡವನ ಪ್ರಾರ್ಥನೆ ನಿಜವಾದ ಬೇಡಿಕೆಯಾಗದೆಂಬ ರಬ್ಬಿ ಎಲಿಯೇಜರನ ಅಭಿಪ್ರಾಯ ದಾಖಲಾಗಿದೆ. ಊಟಕ್ಕೆ ಕುಳಿತವರ ಸಂಖ್ಯೆಗೆ ತಕ್ಕಂತೆ ಸ್ತುತಿಗೆ ಕರೆಯುವ ಮಾತು ಬದಲಾಗಬೇಕೆಂಬ ವಿಧಿಯೂ ಅಲ್ಲಿದೆ. ಆದಕಾರಣ ಕ್ರೈಸ್ತರು ಯೆಹೂದ್ಯರಿಂದ ಪಡೆದುದು ಒಂದು ಸಿದ್ಧಪಾಠವನ್ನಲ್ಲ. ವಿಷಯಗಳ ಒಂದು ಕ್ರಮವನ್ನೂ, ಆ ಕ್ರಮದೊಳಗೆ ಮಾತುಗಳನ್ನು ಕೂಡಿಸಿಕೊಳ್ಳುವ ಅಭ್ಯಾಸವನ್ನೂ ಎಂದು ಹೇಳುವುದು ಯುಕ್ತವಾಗಿ ತೋರುತ್ತದೆ.

೪

ಎರಡನೆಯ ಶತಮಾನದಲ್ಲಿ ಈ ಅಭ್ಯಾಸ ಹೇಗೆ ನಡೆಯುತ್ತಿದ್ದಿತೆಂಬುದನ್ನು ರೋಮಿನಲ್ಲಿ ನೆಲಸಿದ್ದ ಯುಸ್ತಿನನು ವಿಶದವಾಗಿ ತಿಳಿಸಿರುವನು. ಈತನು ಸುಮಾರು ಕ್ರಿ. ಶ. ೧೫೫ರಲ್ಲಿ ಚಕ್ರವರ್ತಿಯಾದ ಆಂಟೊನೈನಸ್ ಪಯಸನನ್ನುದ್ದೇಶಿಸಿ ತನ್ನ ಮತದ ಸಮರ್ಥನೆಯನ್ನು ಬರೆದನು. ಭಾನುವಾರ ಎಲ್ಲರೂ ಒಂದೆಡೆ ಸೇರುವರು, ಅಪೊಸ್ತಲರ ಅಥವಾ ಪ್ರವಾದಿಗಳ ಬರಹಗಳನ್ನು ಕಾಲವಿರುವಷ್ಟು ಹೊತ್ತು ಓದುವರು, ಅಗ್ರಾಸನದಲ್ಲಿರುವವನು ಬೋಧಿಸುವನು, ಬಳಿಕ ರೊಟ್ಟಿಯೂ ನೀರು ಬೆರಸಿದ ದ್ರಾಕ್ಷಾರಸವೂ ತರಲ್ಪಡುವುವು, ಅಗ್ರಾಸನಾಧಿಪತಿಯು ತನ್ನ ಶಕ್ತಿಗನುಸಾರವಾಗಿ ಪ್ರಾರ್ಥನೆಗಳನ್ನೂ ಸ್ತೋತ್ರಗಳನ್ನೂ ಅರ್ಪಿಸುವನು, ಜನರೆಲ್ಲರೂ ಆಮೆನ್ ಎಂದು ಅದಕ್ಕೆ ಸಮ್ಮತಿಸುವರು, ಬಾರದಿದ್ದವರಿಗೆ ಸಭಾಸೇವಕರು ಪಾಲನ್ನು ಕೊಂಡೊಯ್ಯುವರು. ಹೀಗೆಂದು ಆತನ ವರ್ಣನೆ.

ಶಕ್ತಿಗನುಸಾರವಾಗಿ ಎಂಬುದರಲ್ಲಿಯೇ ಇಡೀ ವಿಷಯ ಅಡಗಿದೆ. ಪ್ರಾರ್ಥನೆಯ ಸ್ಥಾನ ನಿಶ್ಚಿತ, ಅದರ ವಿಷಯ ಬಹುಮಟ್ಟಿಗೆ ನಿಶ್ಚಿತ, ಜನರ ಆಮೆನ್ ನಿಶ್ಚಿತ. ಮಾತು ಮಾತ್ರ ಹೇಳುವವನದು. ಸ್ಥಾಪನಾವಾಕ್ಯಗಳನ್ನು ಯುಸ್ತಿನನು ಬಲ್ಲನು. ಆದರೆ ಅವನ್ನು ಆತನು ತಂದಿರುವುದು ಈ ಭೋಜನವನ್ನು ತಾವು ಏಕೆ ಹೀಗೆ ಭಾವಿಸುವೆವೆಂಬುದಕ್ಕೆ ಪ್ರಮಾಣವಾಗಿ. ಅವನ್ನು ಪ್ರಾರ್ಥನೆಯೊಳಗೆ ಪಠಿಸುತ್ತಿದ್ದರೆಂದು ಆತನು ಎಲ್ಲಿಯೂ ಹೇಳಿಲ್ಲ.

ಮೂರನೆಯ ಶತಮಾನದ ಸಾಕ್ಷ್ಯವೆಂದು ಬಹುಕಾಲ ಪ್ರಸಿದ್ಧವಾಗಿದ್ದುದು ‘ಅಪೊಸ್ತಲರ ಸಂಪ್ರದಾಯ’ವೆಂಬ ಗ್ರಂಥ. ಇಟಲಿಯ ವೆರೋನಾ ನಗರದ ಭಂಡಾರದಲ್ಲಿ, ಹಳೆಯ ಬರವಣಿಗೆಯನ್ನು ಅಳಿಸಿ ಮೇಲೆ ಮತ್ತೊಂದು ಗ್ರಂಥವನ್ನು ಬರೆದಿದ್ದ ಚರ್ಮಪತ್ರಗಳಿಂದ ಹೌಲರನು ಇದರ ಲ್ಯಾಟಿನ್ ಅನುವಾದವನ್ನು ಓದಿ ೧೯೦೦ರಲ್ಲಿ ಪ್ರಕಟಿಸಿದನು. ಇದು ರೋಮಿನ ಹಿಪ್ಪೊಲಿಟಸನು ಸುಮಾರು ಕ್ರಿ. ಶ. ೨೧೫ರಲ್ಲಿ ರಚಿಸಿದ ಗ್ರಂಥವೆಂದು ಶ್ವಾರ್ಟ್ಸನು ೧೯೧೦ರಲ್ಲಿಯೂ ಕೊನೊಲಿಯು ೧೯೧೬ರಲ್ಲಿಯೂ ಪ್ರತ್ಯೇಕವಾಗಿ ವಾದಿಸಿದರು. ಇದರಲ್ಲಿ ಆರಂಭದ ಸಂವಾದ, ಕ್ರಿಸ್ತನ ಕಾರ್ಯಗಳಿಗಾಗಿ ಕೃತಜ್ಞತೆ, ಸ್ಥಾಪನಾವಾಕ್ಯಗಳು, ಪವಿತ್ರಾತ್ಮನ ಆವಾಹನೆ ಎಲ್ಲವೂ ಕ್ರಮವಾಗಿ ಬರುವುದರಿಂದ, ಬಯಸಿದ ಮೂಲಪ್ರತಿಯೇ ಕೈಗೆ ಸಿಕ್ಕಿತೆಂದು ಹಲವರು ಹಿಗ್ಗಿದರು. ರೋಮನ್ ಕಥೋಲಿಕ ಸಭೆ ೧೯೬೯ರ ಸುಧಾರಣೆಯಲ್ಲಿ ತನ್ನ ಎರಡನೆಯ ಸ್ತೋತ್ರಪ್ರಾರ್ಥನೆಯನ್ನು ಇದರ ಆಧಾರದ ಮೇಲೆಯೇ ರಚಿಸಿಕೊಂಡಿತು.

ಆದರೆ ಬ್ರಾಡ್‌ಷಾ, ಜಾನ್‌ಸನ್, ಫಿಲಿಪ್ಸ್ ಎಂಬ ಮೂವರು ೨೦೦೨ರಲ್ಲಿ ಪ್ರಕಟಿಸಿದ ವಿಸ್ತಾರವಾದ ವ್ಯಾಖ್ಯಾನದಲ್ಲಿ, ಈ ಗ್ರಂಥ ಒಬ್ಬ ಕರ್ತೃವಿನದಲ್ಲವೆಂದೂ, ಎರಡನೆಯ ಶತಮಾನದಿಂದ ನಾಲ್ಕನೆಯ ಶತಮಾನದವರೆಗೆ ಬೇರೆ ಬೇರೆ ಊರುಗಳಲ್ಲಿ ಪದರಪದರವಾಗಿ ಬೆಳೆದುದೆಂದೂ ವಾದಿಸಿರುವರು. ಎಲ್ಲರೂ ಇದನ್ನು ಒಪ್ಪಿಲ್ಲವಾದರೂ, ಹಳೆಯ ನಿಶ್ಚಯ ಈಗ ಉಳಿದಿಲ್ಲ. ಇರಲಿ, ಪ್ರಕೃತಕ್ಕೆ ಮುಖ್ಯವಾದುದೇನೆಂದರೆ, ಈ ಗ್ರಂಥವೂ ತಾನು ಕೊಟ್ಟಿರುವ ಪಾಠವನ್ನೇ ಬಿಷಪನು ಬಾಯಿಪಾಠವಾಗಿ ಒಪ್ಪಿಸಬೇಕಾಗಿಲ್ಲವೆಂದೂ, ತನ್ನ ಸಾಮರ್ಥ್ಯಕ್ಕೆ ತಕ್ಕಂತೆ ಪ್ರಾರ್ಥಿಸಬಹುದೆಂದೂ, ಅದು ಸದ್ಧರ್ಮಕ್ಕೆ ವಿರುದ್ಧವಾಗದಿದ್ದರೆ ಸಾಕೆಂದೂ ಬೇರೊಂದೆಡೆ ಹೇಳಿರುವುದು. ದಿದಖೆಯಂತೆ ಇದೂ ಮಾದರಿಯೇ ಹೊರತು ಶಾಸನವಲ್ಲ.

೫

ಹಾಗಿದ್ದ ಮೇಲೆ ಮಾತು ಯಾವಾಗ ಕಟ್ಟಿಗೆ ಬಂದಿತು? ಇದಕ್ಕೆ ಉತ್ತರ ನಾಲ್ಕನೆಯ ಶತಮಾನದಲ್ಲಿದೆ. ೩೧೩ರ ಬಳಿಕ ರೋಮನ್ ಸಾಮ್ರಾಜ್ಯದಲ್ಲಿ ಕ್ರೈಸ್ತರಿಗೆ ನಿರ್ಭಯವಾಗಿ ಆರಾಧಿಸುವ ಅವಕಾಶವಾಯಿತು. ಮನೆಗಳಲ್ಲಿ ಸೇರುತ್ತಿದ್ದ ಚಿಕ್ಕ ಗುಂಪುಗಳು ದೊಡ್ಡ ಮಂದಿರಗಳನ್ನು ತುಂಬುವ ಜನಸ್ತೋಮಗಳಾದುವು. ಸಭೆಗಳು ಹೆಚ್ಚಿದಂತೆ ಅಧ್ಯಕ್ಷರೂ ಹೆಚ್ಚಿದರು. ಅವರೆಲ್ಲರಿಗೂ ವಾಕ್ಚಾತುರ್ಯವೂ ಶಾಸ್ತ್ರಜ್ಞಾನವೂ ಇರಲಿಲ್ಲ. ಅರಿಯದವರು ರಚಿಸಿದ ದೋಷಯುಕ್ತವಾದ ಪ್ರಾರ್ಥನೆಗಳನ್ನು ಹಲವರು ತಿಳಿಯದೆ ಬಳಸುತ್ತಿದ್ದರೆಂದು ಆಗಸ್ಟೀನನೇ ಬರೆದಿರುವನು. ಉತ್ತರ ಆಫ್ರಿಕದ ಸಭೆಗಳು ೩೯೩ ಮತ್ತು ೩೯೭ರಲ್ಲಿ, ಬೇರೆಡೆಯಿಂದ ಬರೆದುಕೊಂಡ ಪ್ರಾರ್ಥನೆಗಳನ್ನು ಬಲ್ಲವರೊಡನೆ ವಿಚಾರಿಸದೆ ಉಪಯೋಗಿಸಕೂಡದೆಂದು ವಿಧಿಸಿದುವು; ೪೦೭ರಲ್ಲಿ ಕಾರ್ಥೇಜಿನ ಸಭೆ ಅಂಗೀಕೃತವಾದ ಪ್ರಾರ್ಥನೆಗಳನ್ನೇ ಬಳಸಬೇಕೆಂದು ಕಟ್ಟುಮಾಡಿತು. ಹದಿನಾಲ್ಕು ವರ್ಷಗಳಲ್ಲಿ ಸಲಹೆಯಾಗಿದ್ದುದು ಆಜ್ಞೆಯಾಯಿತು.

ಇನ್ನೊಂದು ಕಾರಣ ತತ್ತ್ವವಿವಾದ. ದೇವಪುತ್ರನು ತಂದೆಗೆ ಸಮನೋ ಅಲ್ಲವೋ ಎಂಬ ಚರ್ಚೆ ೩೨೫ರ ನಿಕೇಯ ಮಹಾಸಭೆಯ ಅನಂತರವೂ ಎರಡು ತಲೆಮಾರುಗಳ ಕಾಲ ಉರಿಯಿತು. ಆಗ ಪ್ರಾರ್ಥನೆಯ ಒಂದೊಂದು ಪದವೂ ಸಾಕ್ಷಿಕಟ್ಟೆಯನ್ನು ಹತ್ತಬೇಕಾಯಿತು. ಕೈಸರೇಯದ ಬೆಸಿಲನು ದೇವರ ಮಹಿಮೆಯನ್ನು ಕೊಂಡಾಡುವಾಗ ಒಮ್ಮೆ ಮಗನ ಮೂಲಕ ಎಂದೂ ಇನ್ನೊಮ್ಮೆ ಮಗನೊಡನೆ ಎಂದೂ ಹೇಳಿದನೆಂದು ಕೆಲವರು ಆಕ್ಷೇಪಿಸಿದರು. ಆ ಆಕ್ಷೇಪಕ್ಕೆ ಸಮಾಧಾನವಾಗಿಯೇ ಆತನು ೩೭೫ರಲ್ಲಿ ಪವಿತ್ರಾತ್ಮನನ್ನು ಕುರಿತ ಗ್ರಂಥವನ್ನು ಬರೆದನು. ಒಂದು ಚಿಕ್ಕ ಅವ್ಯಯಕ್ಕಾಗಿ ಒಂದು ಗ್ರಂಥವೇ ಹುಟ್ಟುವ ಕಾಲದಲ್ಲಿ, ತನಗೆ ತೋರಿದಂತೆ ಪ್ರಾರ್ಥಿಸುವ ಧೈರ್ಯ ಯಾರಿಗೆ ಉಳಿದೀತು? ಅದೇ ಗ್ರಂಥದಲ್ಲಿ ಬೆಸಿಲನು, ರೊಟ್ಟಿಯನ್ನೂ ಪಾತ್ರೆಯನ್ನೂ ಎತ್ತಿ ತೋರಿಸುವಾಗಿನ ಆವಾಹನೆಯ ಮಾತುಗಳನ್ನು ಪೂರ್ವಿಕರಲ್ಲಿ ಯಾರೂ ಬರೆದಿಟ್ಟುಹೋಗಿಲ್ಲವೆಂದು ಹೇಳಿರುವುದು ಸ್ವಾರಸ್ಯವಾಗಿದೆ. ಬಾಯಿಂದ ಬಾಯಿಗೆ ಬಂದುದೆಂದು ಆತನು ಯಾವುದನ್ನು ಹೇಳಿದನೋ ಅದು ಆತನ ಹೆಸರಿನಲ್ಲಿಯೇ ಲಿಖಿತಪಾಠವಾಗಿ ನಿಂತಿತು.

ಈ ಕಾಲದ ಪಾಠಗಳನ್ನು ಒಟ್ಟಿಗಿಟ್ಟು ನೋಡಿದರೆ, ಬಿಡಿಬಿಡಿಯಾಗಿದ್ದ ತುಂಡುಗಳನ್ನು ಜೋಡಿಸಿದ ಹೊಲಿಗೆ ಇನ್ನೂ ಕಣ್ಣಿಗೆ ಕಾಣುತ್ತದೆ. ಸ್ಟ್ರಾಸ್‌ಬರ್ಗಿನಲ್ಲಿರುವ ಈಜಿಪ್ಟಿನ ಪಪೈರಸ್ ತುಂಡೊಂದು ೧೯೨೮ರಲ್ಲಿ ಪ್ರಕಟವಾಯಿತು. ಅದರಲ್ಲಿ ಸೃಷ್ಟಿಗಾಗಿ ಸ್ತೋತ್ರ, ಅರ್ಪಣೆ, ಪರರಿಗಾಗಿ ಬೇಡಿಕೆ, ಮಹಿಮಾಸ್ತುತಿ ಇವು ಇವೆ. ದೇವರನ್ನು ಮೂರು ಬಾರಿ ಪವಿತ್ರನೆಂದು ಹಾಡುವ ಸ್ತುತಿಯೂ ಸ್ಥಾಪನಾವಾಕ್ಯಗಳೂ ಆವಾಹನೆಯೂ ಇಲ್ಲ. ಇದೇ ಪೂರ್ಣವಾದ ಪ್ರಾರ್ಥನೆಯೆಂದು ಹಲವು ವಿದ್ವಾಂಸರ ಮತ. ನೈಲ್ ನದಿಯ ಮುಖಜಭೂಮಿಯಲ್ಲಿದ್ದ ಥ್ಮುಯಿಸಿನ ಬಿಷಪ್ ಸೆರಾಪಿಯೋನನ ಹೆಸರಿನ ನಾಲ್ಕನೆಯ ಶತಮಾನದ ಪ್ರಾರ್ಥನೆಯಲ್ಲಿ ಸ್ಥಾಪನಾವಾಕ್ಯಗಳಿವೆ. ಆದರೆ ರೊಟ್ಟಿಯ ವಾಕ್ಯಕ್ಕೂ ಪಾತ್ರೆಯ ವಾಕ್ಯಕ್ಕೂ ನಡುವೆ, ಬೆಟ್ಟಗಳ ಮೇಲೆ ಚೆದರಿದ ರೊಟ್ಟಿಯನ್ನು ಕುರಿತ ದಿದಖೆಯ ಹಳೆಯ ಬೇಡಿಕೆ ಬಂದು ನಿಂತಿದೆ. ಆವಾಹನೆಯೂ ಪವಿತ್ರಾತ್ಮನದಲ್ಲ, ದೇವರ ವಾಕ್ಯದ್ದು. ಯೆರೂಸಲೇಮಿನಲ್ಲಿ ಹೊಸದಾಗಿ ದೀಕ್ಷಾಸ್ನಾನ ಪಡೆದವರಿಗೆ ನಾಲ್ಕನೆಯ ಶತಮಾನದ ಕೊನೆಯಲ್ಲಿ ನೀಡಿದ, ಸಿರಿಲನ ಹೆಸರಿನಲ್ಲಿ ಬಂದಿರುವ ಉಪನ್ಯಾಸಗಳು ಈ ಪ್ರಾರ್ಥನೆಯ ಅಂಗಗಳನ್ನು ಒಂದೊಂದಾಗಿ ವಿವರಿಸುತ್ತ ಆವಾಹನೆಗೆ ಪ್ರಾಧಾನ್ಯವನ್ನು ಕೊಡುವುವು. ಸ್ಥಾಪನಾವಾಕ್ಯಗಳ ಮಾತನ್ನೇ ಅಲ್ಲಿ ಎತ್ತುವುದಿಲ್ಲ. ಅದೇ ಕಾಲದಲ್ಲಿ ಮಿಲಾನಿನ ಆಂಬ್ರೋಸನು ಇದಕ್ಕೆ ಪ್ರತಿಯಾಗಿ ಕ್ರಿಸ್ತನ ವಾಕ್ಯಗಳಲ್ಲಿಯೇ ಶಕ್ತಿಯಿದೆಯೆಂದು ಬೋಧಿಸುತ್ತಿದ್ದನು. ಮುಂದೆ ರೋಮಿನ ಪಾಠವಾಗಿ ನಿಂತ ಪ್ರಾರ್ಥನೆಯ ಹಲವು ಭಾಗಗಳು ಮೊದಲು ಕಾಣಿಸುವುದು ಆತನ ಉಪದೇಶದಲ್ಲಿಯೇ. ಪಾಠಗಳು ಒಂದೇ ಬೇರಿನಿಂದ ಕವಲೊಡೆದಿದ್ದರೆ, ಹಿಂದೆ ಹೋದಂತೆಲ್ಲ ಅವು ಹೆಚ್ಚು ಹೆಚ್ಚಾಗಿ ಒಂದನ್ನೊಂದು ಹೋಲಬೇಕಾಗಿದ್ದಿತು. ಕಾಣುವುದು ಅದಕ್ಕೆ ವಿರುದ್ಧವಾಗಿದೆ: ಮುಂದೆ ಬಂದಂತೆಲ್ಲ ಹೋಲಿಕೆ ಹೆಚ್ಚುತ್ತದೆ. ಇವು ಒಂದು ಬೇರಿನ ಕವಲುಗಳಲ್ಲ, ಹಲವು ಹೊಳೆಗಳು ಕೂಡಿದ ಪ್ರವಾಹ.

೬

ಈಗ ಆರಂಭದಲ್ಲಿ ಸೂಚಿಸಿದ ವೃತ್ತಾಂತಕ್ಕೆ ಬರೋಣ. ಆಂಬ್ರೋಸನ ಅಭಿಪ್ರಾಯ ಪಶ್ಚಿಮದಲ್ಲಿ ಕ್ರಮೇಣ ಸಿದ್ಧಾಂತವಾಗಿ ನೆಲೆಗೊಂಡಿತು. ೧೪೩೯ರಲ್ಲಿ ಫ್ಲಾರೆನ್ಸಿನ ಮಹಾಸಭೆ ಆರ್ಮೇನಿಯರಿಗೆ ಕೊಟ್ಟ ನಿರ್ಣಯದಲ್ಲಿ, ಈ ಸಂಸ್ಕಾರ ಸಿದ್ಧಿಸುವುದು ಕ್ರಿಸ್ತನ ಆ ವಾಕ್ಯಗಳಿಂದಲೇ ಎಂದು ಘೋಷಿತವಾಯಿತು. ಆದರೆ ರೋಮನ್ ಸಾಮ್ರಾಜ್ಯದ ಎಲ್ಲೆಯಾಚೆ, ಮೆಸೊಪೊಟೇಮಿಯದ ಪೂರ್ವಸಭೆಯಲ್ಲಿ, ಸುರಿಯಾನಿ ಭಾಷೆಯ ಒಂದು ಅತಿ ಪುರಾತನವಾದ ಸ್ತೋತ್ರಪ್ರಾರ್ಥನೆ ನಡೆದುಬಂದಿದ್ದಿತು. ಅದಕ್ಕೆ ಅದ್ದೈ ಮತ್ತು ಮಾರಿ ಎಂಬ ಅಪೊಸ್ತಲರ ಹೆಸರು. ಅದು ಮೂರನೆಯ ಶತಮಾನದಷ್ಟು ಹಳೆಯದೆಂದು ಹಲವರ ಊಹೆ. ಅದರ ಹಳೆಯ ಪ್ರತಿಗಳಲ್ಲಿ ಸ್ಥಾಪನಾವಾಕ್ಯಗಳಿಲ್ಲ. ಅವು ಯಾವಾಗಲೋ ಬಿಟ್ಟುಹೋಗಿರಬೇಕೆಂದು ಪಶ್ಚಿಮದ ಪಂಡಿತರು ಬಹುಕಾಲ ಊಹಿಸುತ್ತಿದ್ದರು. ಆದರೆ ಮೋಸುಲ್ ನಗರದ ಮಾರ್ ಎಷಾಯ ದೇವಾಲಯದಲ್ಲಿದ್ದ ಹತ್ತು ಅಥವಾ ಹನ್ನೊಂದನೆಯ ಶತಮಾನದ ಪ್ರತಿಯನ್ನು ಮೇಕೊಂಬರನು ೧೯೬೬ರಲ್ಲಿ ಪ್ರಕಟಿಸಿದಾಗ, ಅದರಲ್ಲಿಯೂ ಅವು ಇರಲಿಲ್ಲ.

ಮಲಬಾರಿನ ತೋಮಾ ಕ್ರೈಸ್ತರು ಈ ಪೂರ್ವಸಭೆಯಿಂದಲೇ ಬಿಷಪರನ್ನು ಪಡೆಯುತ್ತಿದ್ದು, ಇದೇ ಸುರಿಯಾನಿ ಪ್ರಾರ್ಥನೆಯನ್ನು ಬಳಸುತ್ತಿದ್ದರು. ಪೋರ್ಚುಗೀಸರು ಬಂದ ಮೇಲೆ, ಗೋವೆಯ ಆರ್ಚ್‌ಬಿಷಪನಾದ ಅಲೆಯ್ಷೊ ದ ಮೆನೆಜೆಸನು ೧೫೯೯ರ ಜೂನ್ ತಿಂಗಳಲ್ಲಿ ಉದಯಂಪೇರೂರಿನಲ್ಲಿ ಒಂದು ಸಭೆಯನ್ನು ಕೂಡಿಸಿದನು. ಅಲ್ಲಿ ಈ ಜನರ ಪ್ರಾರ್ಥನಾವಿಧಿ ರೋಮಿನ ಮತಕ್ಕೆ ಹೊಂದುವಂತೆ ತಿದ್ದಲ್ಪಟ್ಟಿತು; ಸುರಿಯಾನಿ ಗ್ರಂಥಗಳನ್ನು ತಂದೊಪ್ಪಿಸಬೇಕೆಂದೂ, ತಿದ್ದಬಹುದಾದುವನ್ನು ತಿದ್ದಿ, ಆಗದವನ್ನು ಸುಡಬೇಕೆಂದೂ ಅಪ್ಪಣೆಯಾಯಿತು. ತಿದ್ದಿದವರು ತಮ್ಮ ಪಾಠವೇ ಅಪೊಸ್ತಲರದೆಂದೂ, ಇದಿರಿನ ಪಾಠ ಅದರಿಂದ ಕೆಟ್ಟುದೆಂದೂ ಪ್ರಾಮಾಣಿಕವಾಗಿಯೇ ನಂಬಿದ್ದಿರಬಹುದು. ಕಾಲಗಣನೆಯಿಂದ ನೋಡಿದರೆ, ತಿದ್ದಲ್ಪಟ್ಟ ಪಾಠದ ಮೂಲವೇ ತಿದ್ದಿದವರ ಪಾಠಕ್ಕಿಂತ ಹಳೆಯದಾಗಿದ್ದಿತೆಂದು ನಂಬಲು ಬಲವಾದ ಕಾರಣಗಳಿವೆ.

ನಾಲ್ಕು ಶತಮಾನಗಳ ತರುವಾಯ ಈ ವಿಷಯ ಮತ್ತೆ ವಿಚಾರಣೆಗೆ ಬಂದಿತು. ಒಂದೇ ಪೂರ್ವಸಂಪ್ರದಾಯದಿಂದ ಬಂದ ಖಾಲ್ಡಿಯ ಕಥೋಲಿಕರೂ ಅಸ್ಸೀರಿಯ ಸಭೆಯವರೂ ದೇಶಾಂತರಗಳಲ್ಲಿ ಚೆದರಿ, ತಮ್ಮವರ ದೇವಾಲಯ ದೊರೆಯದೆ ಪರಸ್ಪರರ ಆರಾಧನೆಯಲ್ಲಿ ಸೇರಬೇಕಾದ ಸ್ಥಿತಿಯುಂಟಾಗಿದ್ದಿತು. ಸ್ಥಾಪನಾವಾಕ್ಯಗಳಿಲ್ಲದ ಪ್ರಾರ್ಥನೆಯಿಂದ ಸಂಸ್ಕಾರ ಸಿದ್ಧಿಸುವುದೇ ಎಂಬ ಪ್ರಶ್ನೆಗೆ ರೋಮ್ ೨೦೦೧ರಲ್ಲಿ ಸಿದ್ಧಿಸುವುದೆಂದು ಉತ್ತರವಿತ್ತಿತು; ಆ ವಾಕ್ಯಗಳು ಕಥಾರೂಪದಲ್ಲಿ ಒಂದೆಡೆ ಇಲ್ಲದಿದ್ದರೂ ಅವುಗಳ ಅರ್ಥ ಇಡೀ ಪ್ರಾರ್ಥನೆಯಲ್ಲಿ ಹರಡಿಕೊಂಡಿದೆಯೆಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ಆ ಪ್ರಾಚೀನ ಪ್ರಾರ್ಥನೆ ಇಂದಿಗೂ ಕೇರಳದಲ್ಲಿ ಜೀವಂತವಾಗಿದೆ. ಸಿರೋ-ಮಲಬಾರ್ ಸಭೆಯವರು ಅದನ್ನು ಸ್ಥಾಪನಾವಾಕ್ಯಗಳೊಡನೆ ಬಳಸುವರು. ಅವರ ಒಂದು ಧರ್ಮಪ್ರಾಂತ ೧೯೯೯ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿಯಲ್ಲಿ ಸ್ಥಾಪಿತವಾದುದರಿಂದ ಅದು ಕನ್ನಡನಾಡಿನೊಳಗೂ ಕೇಳಿಬರುತ್ತಿದೆ.

ಮೇಲಣ ವಿಚಾರದಿಂದ ಗ್ರಂಥಪರಿಶೋಧಕರಾದ ನಮಗೂ ಒಂದು ತಿಳಿವು ಲಭಿಸುತ್ತದೆ. ಕವಿಯೊಬ್ಬನು ಬರೆದಿಟ್ಟ ಕಾವ್ಯಕ್ಕೆ ಮೂಲಪ್ರತಿಯನ್ನು ಅರಸುವುದು ನ್ಯಾಯ. ಆದರೆ ಜನರ ಬಾಯಲ್ಲಿ ಹುಟ್ಟಿ, ನೆರೆದವರ ಆಮೆನ್ನಿನಿಂದ ಪ್ರಮಾಣವನ್ನು ಪಡೆದು, ಬಹುಕಾಲದ ಮೇಲೆ ಬರಹಕ್ಕಿಳಿದ ವಾಙ್ಮಯಕ್ಕೆ ಆ ನ್ಯಾಯ ಸಲ್ಲದು. ಅಲ್ಲಿ ಪಾಠಾಂತರವೆಲ್ಲವೂ ದೋಷವಲ್ಲ. ಕೆಲವೆಡೆ ಪಾಠಾಂತರವೇ ಮೂಲ. ತಿದ್ದುವ ಲೇಖನಿಯನ್ನು ಕೈಗೆತ್ತಿಕೊಳ್ಳುವ ಮುನ್ನ, ಎದುರಿಗಿರುವುದು ಇವೆರಡರಲ್ಲಿ ಯಾವ ಜಾತಿಯದೆಂದು ವಿಚಾರಿಸುವುದು ನಮ್ಮ ಮೊದಲ ಕರ್ತವ್ಯವಾಗಿದೆ.